ಜ್ವರ ಇದೆ ಎಂದು ಹೇಳಲು ಎಷ್ಟು ಖರ್ಚು? ರಾಯಚೂರಿನ ಒಂದು ವಾರ್ಡಿನ ಪ್ರಕರಣ ಅಧ್ಯಯನ

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. 2020ರ ಮಳೆಗಾಲದಲ್ಲಿ ರಾಯಚೂರಿನ ಹಳೆ ಊರಿನ ಒಂದು ವಾರ್ಡಿಗೆ ಕೋವಿಡ್‌ನ ಮನೆ ಮನೆ ಸರ್ವೆಗೆ ನನ್ನನ್ನು ಹಾಕಿದ್ದರು. ಜೊತೆಗೆ ಆ ಓಣಿಯ ಆಶಾ ಕಾರ್ಯಕರ್ತೆ ಇದ್ದರು. ಪ್ರಶ್ನೆಗಳು ಕೆಲವೇ. ಮನೆಯಲ್ಲಿ ಎಷ್ಟು ಜನ, ವಯಸ್ಸಾದವರು ಇದ್ದಾರಾ, ಬಿಪಿ, ಶುಗರ್ ಇದೆಯಾ, ಯಾರಿಗಾದರೂ ಜ್ವರ, ಕೆಮ್ಮು, ದಮ್ಮು ಇದೆಯಾ.

ಒಂದು ಮನೆ ಮುಂದೆ ನಿಂತು ಇದನ್ನೇ ಕೇಳಿದೆ. ಹೊಸ್ತಿಲಲ್ಲಿದ್ದ ಹೆಣ್ಣುಮಗಳು, "ಯಾರಿಗೂ ಏನಿಲ್ರಿ ಸರ, ಎಲ್ಲಾರೂ ಆರಾಮ ಅದಾರ" ಅಂದರು. ಅಷ್ಟರಲ್ಲಿ ಒಳಗಿನಿಂದ ಗಂಡಸಿನ ಕೆಮ್ಮು ಕೇಳಿಸಿತು. ಆಶಾ ಅಕ್ಕ ನನ್ನ ಮುಖ ನೋಡಿದರು. ನಾನು ಫಾರಂನಲ್ಲಿ "ಇಲ್ಲ" ಎಂದು ಬರೆದು ಮುಂದಿನ ಮನೆಗೆ ಹೋದೆ.

ಕೆಮ್ಮುತ್ತಿದ್ದವರು ರಾಜೇಂದ್ರ ಗಂಜ್ ಎಂಬ ಕೃಷಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲಿ. ಕೆಮ್ಮಿಟ್ಟುಕೊಂಡೇ ಅವರು ಇನ್ನೂ ಐದು ದಿನ ಚೀಲ ಹೊತ್ತರು. ಅವರಿಗೆ ವಾಸಿಯಾಯಿತು. ಅದೇ ಕೋಣೆಯಲ್ಲಿ ಮಲಗುತ್ತಿದ್ದ ಅವರ ತಾಯಿಗೆ ಆಗಲಿಲ್ಲ. ಒಂದು ರಾತ್ರಿ ಉಸಿರು ಸಿಗದೆ ಒದ್ದಾಡಿದ ಆ ಅಜ್ಜಿಯನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಮೂರನೇ ದಿನ ಅವರು ತೀರಿಕೊಂಡರು. ಮನೆಯವರಿಗೆ ಮುಖ ನೋಡಲೂ ಸಿಗಲಿಲ್ಲ.

ಈ ಬರಹ ಆ ಮನೆಯ ಬಗ್ಗೆ. ಎರಡು ವರ್ಷದ ನಂತರ ಅದೇ ವಾರ್ಡಿನ ಕೆಲವರು ಕೂತು, ಮುಂದೆ ಇಂಥ ರೋಗ ಬಂದರೆ ಏನು ಮಾಡಬೇಕು ಎಂದು ಬರೆದ ಯೋಜನೆಯ ಬಗ್ಗೆಯೂ ಹೌದು. ಗುರುತು ಸಿಗಬಾರದು ಅಂತ ಯಾರ ಹೆಸರನ್ನೂ, ಓಣಿಯ ಹೆಸರನ್ನೂ ಹಾಕಿಲ್ಲ.

ಒಂದು "ಹೌದು"ಗೆ ಬೀಳುವ ಬೆಲೆ

ಅವರು ಸುಳ್ಳು ಹೇಳಿದರು ಎಂದು ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಕೂತೆ. "ಹೌದ್ರಿ, ನಮ್ಮ ಮನಿಯವರಿಗೆ ಜ್ವರ ಅದ" ಅಂದಿದ್ದರೆ ಆ ಮನೆಗೆ ಏನೇನು ಆಗುತ್ತಿತ್ತು ಎಂದು ಒಂದೊಂದಾಗಿ ಬರೆದೆ.

ಗಂಡ ಗಂಜಿಗೆ ಹೋಗುವ ಹಾಗಿಲ್ಲ. ಹಮಾಲಿಗೆ ತಿಂಗಳ ಪಗಾರ ಇರುವುದಿಲ್ಲ, ಎತ್ತಿದ ಚೀಲಕ್ಕೆ ಕೂಲಿ. 14 ದಿನ ಕೂತರೆ 14 ದಿನ ಕೈ ಖಾಲಿ. ತಂಡದಲ್ಲಿ ಅವರ ಜಾಗಕ್ಕೆ ಇನ್ನೊಬ್ಬರು ಬಂದು ಸೇರುತ್ತಾರೆ, ವಾಪಸ್ ಹೋದಾಗ ಆ ಜಾಗ ಇರುತ್ತದೆ ಎಂಬ ಭರವಸೆ ಇಲ್ಲ. ಓಣಿಗೆ ಸೈರನ್ ಹಾಕಿಕೊಂಡು ಗಾಡಿ ಬರುತ್ತದೆ, ಎಲ್ಲರೂ ಮಾಳಿಗೆ ಹತ್ತಿ ನೋಡುತ್ತಾರೆ. ಓಣಿಯ ಬಾಯಿಗೆ ಕಟ್ಟಿಗೆ ಕಟ್ಟಿ ಸೀಲ್‌ಡೌನ್ ಮಾಡುತ್ತಾರೆ. ಹಾಗಾದರೆ ಒಂದು ಮನೆ ನಿಜ ಹೇಳಿದ್ದಕ್ಕೆ ಅಕ್ಕಪಕ್ಕದ ಅಷ್ಟೂ ಮನೆಗಳ ಕೂಲಿ ನಿಲ್ಲುತ್ತದೆ. ಅದರ ಮೇಲೆ ಆ ಮನೆಯ ಹೆಣ್ಣುಮಗಳು ನಲ್ಲಿಗೆ ಕೊಡ ತೆಗೆದುಕೊಂಡು ಹೋಗುವುದು ಹೇಗೆ?

ಹೆಸರು ಹೊರಗೆ ಬರುವ ಹೆದರಿಕೆಯೂ ಸುಮ್ನೆ ಹುಟ್ಟಿದ್ದಲ್ಲ. 2020ರ ಮಾರ್ಚ್‌ನಲ್ಲಿ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿತ್ತು. ಕೈಗೆ ಮುದ್ರೆ ಒತ್ತುತ್ತಿದ್ದರು. ಗಂಟೆಗೊಮ್ಮೆ ಸೆಲ್ಫಿ ಕಳಿಸಿ ಎಂದು ಹೇಳಿದ್ದರು. ಸೋಂಕಿತರ ಮನೆ ಬಾಗಿಲಿಗೆ ಭಿತ್ತಿಪತ್ರ ಅಂಟಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಮೊದಲ ಅಲೆ ಇಳಿದಿತ್ತು. ಅದೇ ವರ್ಷ ಜೂನ್ ಕೊನೆಯಲ್ಲಿ ಪಕ್ಕದ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ಎಲ್ಲರ ಫೋನಿಗೆ ಬಂತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ಆ ಚಿತ್ರ ಕಣ್ಣಿನಿಂದ ಹೋಗಲಿಲ್ಲ. ನಾನು ಫಾರಂ ಹಿಡಿದು ಹೋದದ್ದು ಅದಾದ ಕೆಲವೇ ದಿನಕ್ಕೆ.

ಹಾಳೆ ತುಂಬಿತು. ಹೌದು ಅಂದಿದ್ದರೆ ಆ ಮನೆಗೆ ಸಿಗುತ್ತಿದ್ದುದು ಏನು ಎಂದು ಇನ್ನೊಂದು ಬದಿಗೆ ಬರೆಯಲು ಹೋದೆ. ಬರೆಯಲು ಹೆಚ್ಚೇನೂ ಇರಲಿಲ್ಲ. ರೋಗ ತಡೆಯುವ ಯಾವ ಯೋಜನೆಯಾದರೂ ನಿಲ್ಲುವುದು ಮೊದಲ ಕೆಲವು ಮನೆಯವರು ಬಾಯಿ ಬಿಟ್ಟು ಹೇಳುವುದರ ಮೇಲೆ. ಹೇಳಿದವರಿಗೆ ಬರೀ ನಷ್ಟ, ಮುಚ್ಚಿಟ್ಟವರಿಗೆ ಲಾಭ ಎನ್ನುವಂತಿದ್ದರೆ ಎಷ್ಟು ಹಾಸಿಗೆ ಇದ್ದರೂ ಅವು ತುಂಬುವುದು ಕೊನೆ ಗಳಿಗೆಯಲ್ಲಿ ಬಂದವರಿಂದಲೇ.

ಊರು ಎಂಥದ್ದು

ರಾಯಚೂರಿನ ಬಗ್ಗೆ ಸ್ವಲ್ಪ ಹೇಳಬೇಕು. ಕೃಷ್ಣೆ, ತುಂಗಭದ್ರೆಯ ನಡುವಿನ ಎಡದೊರೆ ನಾಡು ಇದು. 2011ರ ಜನಗಣತಿ ಪ್ರಕಾರ ನಗರದಲ್ಲಿ ಸುಮಾರು 2.3 ಲಕ್ಷ ಜನ. ಆಗಿನ ನಗರಸಭೆಗೆ 35 ವಾರ್ಡು, ಅಂದರೆ ವಾರ್ಡಿಗೆ ಸರಾಸರಿ ಆರೂವರೆ ಸಾವಿರ ಜನ. ಒಂದು ದೊಡ್ಡ ಹಳ್ಳಿಯಷ್ಟು. ಹಳ್ಳಿಗಾದರೆ ಪಂಚಾಯಿತಿ ಇರುತ್ತದೆ. ವಾರ್ಡಿಗೆ ಒಬ್ಬ ಸದಸ್ಯರು, ಅಷ್ಟೇ. ಸಂವಿಧಾನದ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯವಾಗಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ. ಆಗ ನಮ್ಮ ಊರು ಆ ಗೆರೆಯ ಕೆಳಗೆ ಉಳಿದಿತ್ತು. ಇದು ಸಣ್ಣ ಸಂಗತಿ ಅಲ್ಲ. ರೋಗ ಬಂದಾಗ ಓಣಿ ಮಟ್ಟದಲ್ಲಿ ಕೂತು ತೀರ್ಮಾನ ಮಾಡುವ ಜಾಗವೇ ಇರಲಿಲ್ಲ.

ಮುಂಬೈ–ಚೆನ್ನೈ ರೈಲು ಮಾರ್ಗ ಊರ ಮೇಲೇ ಹೋಗುತ್ತದೆ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಗಂಜಿಗೆ ಭತ್ತ, ಹತ್ತಿ, ತೊಗರಿ ಬರುತ್ತದೆ, ಅದರ ಜೊತೆ ಸುತ್ತಲಿನ ಹಳ್ಳಿಯ ಜನ ಬರುತ್ತಾರೆ. ರಿಮ್ಸ್, ಓಪೆಕ್ ಎರಡೂ ಆಸ್ಪತ್ರೆ ಇಲ್ಲಿವೆ. ಅವುಗಳಿಗೆ ಜಿಲ್ಲೆಯವರಷ್ಟೇ ಅಲ್ಲ, ಗಡಿಯಾಚೆ ಗದ್ವಾಲ, ಮಂತ್ರಾಲಯ ಕಡೆಯವರೂ ಬರುತ್ತಾರೆ. ಹಾಗಾಗಿ ಊರಿನ ಜನಸಂಖ್ಯೆಗೆ ಹಾಸಿಗೆ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ನಮ್ಮವರು ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಓಡುತ್ತಾರೆ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಜೋರಾಗಿದ್ದಾಗ, ಹೊರ ರಾಜ್ಯದ ರೋಗಿಗಳು ಮೊದಲೇ ಅನುಮತಿ ಪಡೆದು ಬರಬೇಕು ಎಂದು ತೆಲಂಗಾಣ ಹೇಳಿತು, ಗಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಅಲ್ಲಿನ ಹೈಕೋರ್ಟ್ ಅದಕ್ಕೆ ಕೆಲವೇ ದಿನದಲ್ಲಿ ತಡೆ ಕೊಟ್ಟಿತು. ಉಸಿರು ಕಟ್ಟಿದವರಿಗೆ ಕೆಲವು ದಿನ ಅಂದರೆ ಎಷ್ಟು, ಅಲ್ವಾ? ಆವತ್ತಿನಿಂದ ನಮ್ಮ ಲೆಕ್ಕದಲ್ಲಿ ಹೈದರಾಬಾದನ್ನು ಸೇರಿಸಿಲ್ಲ.

ಇನ್ನೊಂದು ಮಾತು. ದೇಶದ ಮೊದಲ ಕೋವಿಡ್ ಸಾವು ಆಗಿದ್ದು 2020ರ ಮಾರ್ಚ್‌ನಲ್ಲಿ, ಪಕ್ಕದ ಕಲಬುರಗಿಯಲ್ಲಿ. ಆದರೂ ರಾಯಚೂರು ಜಿಲ್ಲೆಯಲ್ಲಿ ಮೇ ಮಧ್ಯದ ತನಕ ಒಂದೂ ಪ್ರಕರಣ ಇರಲಿಲ್ಲ. ನಾವು ಹಸಿರು ವಲಯ ಎಂದು ಹೆಮ್ಮೆ ಪಟ್ಟೆವು. ಮುಂಬೈ ಕಡೆಯಿಂದ ಜನ ಊರಿಗೆ ಮರಳಲು ಶುರುವಾದ ಮೇಲೆ ಲೆಕ್ಕ ಬದಲಾಯಿತು. ನಮಗೆ ಸಿಕ್ಕಿದ್ದ ಎರಡು ತಿಂಗಳು ಬಂಗಾರದಂಥವು. ಆ ಎರಡು ತಿಂಗಳಲ್ಲಿ ನಮ್ಮ ಓಣಿಯವರು, ನಾನೂ ಸೇರಿ, ಒಂದು ಕೋಣೆಯನ್ನೂ ಹುಡುಕಿ ಇಡಲಿಲ್ಲ.

ಕೂತದ್ದು ಯಾಕೆ

ನಮ್ಮನ್ನು ಕೂರಿಸಿದ್ದು ಕೋವಿಡ್ ಅಲ್ಲ, ನೀರು. 2022ರ ಮೇ ಕೊನೆ, ಜೂನ್ ಮೊದಲಲ್ಲಿ ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ವಾಂತಿ ಭೇದಿಯಿಂದ ತುಂಬಾ ಜನ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಆಗ ನಮ್ಮ ವಾರ್ಡಿನ ಮೆಡಿಕಲ್ ಅಂಗಡಿಯವರು ಒಂದು ಮಾತು ಹೇಳಿದರು: "ಸರ, ಟಿವಿಯಾಗ ಬರೂಕಿಂತ ಮೊದಲ ನನಗ ಗೊತ್ತಾಗಿತ್ತು. ಓಆರ್‌ಎಸ್ ಪಾಕೀಟು ಒಂದ ದಿನಕ್ಕ ಖಾಲಿ ಆದ್ವು. ಆದ್ರ ಯಾರಿಗೆ ಹೇಳಬೇಕು?"

ಆ "ಯಾರಿಗೆ ಹೇಳಬೇಕು" ನನ್ನನ್ನು ಬಿಡಲಿಲ್ಲ. ಒಂದು ಭಾನುವಾರ ಸಂಜೆ ನಮ್ಮ ಶಾಲೆಯ ಕಟ್ಟೆ ಮೇಲೆ ಸೇರಿದೆವು. ಆಶಾ ಅಕ್ಕ, ಅಂಗನವಾಡಿ ಟೀಚರ್, ಮೆಡಿಕಲ್ ಅಂಗಡಿಯವರು, ಒಬ್ಬ ಆಟೋ ಡ್ರೈವರ್, ಮಸೀದಿ ಕಮಿಟಿಯ ಒಬ್ಬ ಚಾಚಾ, ನಾನು. ಆ ಹಮಾಲಿ ಅಣ್ಣನನ್ನೂ ಕರೆದಿದ್ದೆ. ಬಂದರು, ದೂರ ಕೂತರು. ಅವರ ಹೆಂಡತಿ ಬರಲಿಲ್ಲ. ಆದರೆ ಆಶಾ ಅಕ್ಕನ ಕೈಯಲ್ಲಿ ಹೇಳಿ ಕಳಿಸಿದ್ದರು: ಗಾಡಿ ಓಣಿಯೊಳಗ ಬರಬಾರದು, ಅವರ ಕೂಲಿ ನಿಲ್ಲಬಾರದು, ಅತ್ತೆಗೆ ರೊಟ್ಟಿ ಕೊಡಾಕ ಬಿಡಬೇಕು. ಇಷ್ಟಾದರೆ ನಾನು ಆವತ್ತೇ ಹೇಳತಿದ್ದೆ.

ನಮ್ಮ ಯೋಜನೆ ಶುರುವಾಗಿದ್ದು ಈ ಮೂರು ಮಾತಿನಿಂದ. ಬೇರೆ ಕಡೆಯ ದೊಡ್ಡ ಯೋಜನೆಗಳನ್ನು ತರಿಸಿ ಓದಿದ್ದೆ. ಅವು ಶುರುವಾಗುವುದು ನಿಯಂತ್ರಣ ಕೊಠಡಿಯಿಂದ. ಆ ಹೆಣ್ಣುಮಗಳ ಪಟ್ಟಿಯೇ ನನಗೆ ಹೆಚ್ಚು ಕೆಲಸಕ್ಕೆ ಬಂತು.

ಕೂಲಿ

ಇದು ಎಲ್ಲಕ್ಕಿಂತ ಕಷ್ಟ ಅಂದುಕೊಂಡಿದ್ದೆ. ದಾರಿ ತೋರಿಸಿದ್ದು ಹಮಾಲಿ ಅಣ್ಣನೇ. ಗಂಜಿನಲ್ಲಿ ತಂಡ ಕಟ್ಟಿ ಕೆಲಸ ಮಾಡುತ್ತಾರೆ, ದಿನದ ಕೊನೆಗೆ ಬಂದ ಹಣ ಹಂಚಿಕೊಳ್ಳುತ್ತಾರೆ. ಒಂಬತ್ತು ಜನ ಚೀಲ ಎತ್ತಿ ಹತ್ತು ಪಾಲು ಮಾಡಿದರೆ, ಮಲಗಿದವನ ಮನೆಗೂ ಒಂದು ಪಾಲು ಹೋಗುತ್ತದೆ. ಪ್ರತಿಯೊಬ್ಬರು ಬಿಡಬೇಕಾದದ್ದು ತಮ್ಮ ಪಾಲಿನ ಹತ್ತನೇ ಒಂದು ಭಾಗ, ಅದೂ ಏಳು ದಿನದ ಮಟ್ಟಿಗೆ. ಹೊಲದ ಕೆಲಸದಲ್ಲಿ ಮುಯ್ಯಿ ಆಳು ಇಲ್ಲವಾ, ಅದೇ ಲೆಕ್ಕ. "ಹತ್ತೂ ಮಂದಿ ಮಲಗೂಕಿಂತ ಇದು ಸೋವಿ ಸರ" ಅಂದರು. ಅದರ ಜೊತೆಗೆ ಜಾಗದ ಭರವಸೆ: ಹುಷಾರಾಗಿ ಬಂದವನಿಗೆ ಅದೇ ತಂಡದಲ್ಲಿ ಅದೇ ಜಾಗ.

ಇದಕ್ಕೆ ಅವರ ತಂಡ ಒಪ್ಪಿತು. ಎಲ್ಲ ತಂಡಗಳೂ ಒಪ್ಪಿಲ್ಲ. ಮನೆ ಕೆಲಸದವರಿಗೆ, ತಳ್ಳುಗಾಡಿಯವರಿಗೆ ಇಂಥ ತಂಡವೇ ಇಲ್ಲ. ಅವರಿಗೆ ಏನು ಎಂಬ ಪ್ರಶ್ನೆಗೆ ನಾವು ಬರೆದದ್ದು ದುರ್ಬಲವಾಗಿದೆ: ಏಳು ದಿನದ ರೇಷನ್ ಕಿಟ್, ದಾನಿಗಳಿಂದ. ದಾನ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಹೇಳಲು ಆಗುವುದಿಲ್ಲ. ಕಾಯಿಲೆ ಬಿದ್ದ ದಿನಗೂಲಿಯವರಿಗೆ ಏಳು ದಿನದ ಕೂಲಿಯನ್ನು ಸರ್ಕಾರವೇ ಕೊಡಬೇಕು. ಅದು ಔಷಧದಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ.

ಹತ್ತಿರದ ಕೋಣೆ

ಯಾವ ಸೂಚನೆ ತೆಗೆದರೂ ಅದರಲ್ಲಿ ಒಂದು ಸಾಲು ಇರುತ್ತದೆ: ರೋಗಿ ಪ್ರತ್ಯೇಕ ಕೋಣೆಯಲ್ಲಿ, ಪ್ರತ್ಯೇಕ ಶೌಚಾಲಯ ಬಳಸಿ ಇರಬೇಕು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳಿಗೆ ಇರುವುದು ಒಂದೇ ಕೋಣೆ. ಅಡುಗೆ, ಮಲಗುವುದು, ಮಕ್ಕಳ ಓದು, ಎಲ್ಲ ಅಲ್ಲೇ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಬಹುದು. ಮಳೆಗಾಲದಲ್ಲಿ?

ಚಾಚಾ ಒಂದು ಹಳೆಯ ಕಥೆ ತೆಗೆದರು. ಪ್ಲೇಗ್ ಕಾಲದಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರಂತೆ. ನಮ್ಮ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು. ಆ ಕಾಲದವರಿಗೆ ಔಷಧ ಇರಲಿಲ್ಲ, ಆದರೆ ಒಂದು ಅರಿವು ಇತ್ತು. ಇಕ್ಕಟ್ಟೇ ಅಪಾಯ, ಮನುಷ್ಯರ ನಡುವೆ ಜಾಗ ಮಾಡಬೇಕು. ಮತ್ತೆ, ಹೋಗುವಾಗ ಮನೆಮಂದಿ ಎಲ್ಲ ಒಟ್ಟಿಗೆ ಹೋಗುತ್ತಿದ್ದರು. ಯಾರನ್ನೂ ಒಬ್ಬರನ್ನೇ ಗಾಡಿಯಲ್ಲಿ ಕೂರಿಸಿ ಕಳಿಸುತ್ತಿರಲಿಲ್ಲ.

2020ರಲ್ಲಿ ಊರ ಹೊರಗಿನ ಹಾಸ್ಟೆಲುಗಳಿಗೆ ಹೋಗಲು ಜನ ಹೆದರಿದ್ದು ಆ ಕಟ್ಟಡಕ್ಕಲ್ಲ. ದೂರಕ್ಕೆ, ಒಂಟಿತನಕ್ಕೆ. ಹಾಗಾಗಿ ನಾವು ಬರೆದ ನಿಯಮ ಇದು: ಕೋಣೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಮನೆಯ ರೊಟ್ಟಿ, ಪಲ್ಯ ಗೇಟಿನ ತನಕ ಬರಬೇಕು. ಮನೆಯವರು ಹೊರಗೆ ಅಂಗಳದಲ್ಲಿ ಕೂತು, ದೂರದಿಂದ ಮುಖ ನೋಡಿ ಮಾತಾಡಬೇಕು. ಹೆಣ್ಣುಮಕ್ಕಳ ಕೋಣೆಗೆ ಒಳಗಿನಿಂದ ಚಿಲಕ ಇರಬೇಕು. ಹೋಗುವುದು ಬಲವಂತ ಅಲ್ಲ. ಬೇಕಾದರೆ ಕಾಯಿಲೆಯವರು ಮನೆಯಲ್ಲೇ ಇದ್ದು, ವಯಸ್ಸಾದವರನ್ನು ಅಲ್ಲಿಗೆ ಕಳಿಸಬಹುದು.

ಈ ಕೊನೆಯ ಸಾಲು ಬರೆಯುವಾಗ ಹಮಾಲಿ ಅಣ್ಣ ತಲೆ ಎತ್ತಿ ನೋಡಿದರು. ಯಾರೂ ಏನೂ ಮಾತಾಡಲಿಲ್ಲ.

ಜಾಗ ಹುಡುಕಿದೆವು. ನಮ್ಮ ಶಾಲೆಯ ಎರಡು ಕೋಣೆ, ಒಂದು ಶಾದಿ ಮಹಲ್, ಒಂದು ಸಮುದಾಯ ಭವನ. ಕಿಟಕಿ ಎದುರುಬದುರು ಇದ್ದವನ್ನೇ ಆರಿಸಿದೆವು. ಗಾಳಿಯಲ್ಲಿ ಹರಡುವ ರೋಗಕ್ಕೆ ತೆರೆದ ಕಿಟಕಿ ದೊಡ್ಡ ಔಷಧ. ಶಾಲೆಯ ಶೌಚಾಲಯಕ್ಕೆ ನೀರಿನ ಪೈಪು ಇರಲಿಲ್ಲ, ಡ್ರಮ್ ಇಡಬೇಕಾಯಿತು. ಊರಿಗೆ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ ತುಂಬುವುದು ಯಾರು ಎಂಬುದನ್ನೂ ಬರೆದೆವು. ಕೈ ತೊಳೆಯಿರಿ ಎಂದು ಗೋಡೆಗೆ ಬರೆಯುವುದು ಸುಲಭ. ಕೊಡ ತುಂಬಿಡುವವರ ಹೆಸರು ಬರೆಯದಿದ್ದರೆ ಅದು ಗೋಡೆಯ ಮೇಲೇ ಉಳಿಯುತ್ತದೆ.

ಮೊದಲು ಕೇಳಿಸಿಕೊಳ್ಳುವವರು

ಜ್ವರ ಬಂದವರು ನಮ್ಮಲ್ಲಿ ಮೊದಲು ಹೋಗುವುದು ಮೆಡಿಕಲ್ ಅಂಗಡಿಗೆ. ಆಮೇಲೆ ಓಣಿಯ ಆರ್‌ಎಂಪಿ ಡಾಕ್ಟರ ಹತ್ತಿರ, ಅಂದರೆ ವೈದ್ಯ ಪದವಿ ಇಲ್ಲದೆ ಚಿಕಿತ್ಸೆ ಕೊಡುವವರ ಹತ್ತಿರ, ಒಂದು ಇಂಜೆಕ್ಷನ್‌ಗೆ. ಸರ್ಕಾರಿ ಆಸ್ಪತ್ರೆ ಅದಾದ ಮೇಲೆ. ನಿಯಮದ ಪ್ರಕಾರ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಸುಮಾರು 50,000 ಜನಕ್ಕೆ. ಅಂದರೆ ನಮ್ಮಂಥ ಏಳೆಂಟು ವಾರ್ಡುಗಳಿಗೆ ಒಂದು. ಅಷ್ಟು ದೂರದಿಂದ ಓಣಿಯ ಕೆಮ್ಮು ಕೇಳಿಸುವುದಿಲ್ಲ.

ಅದಕ್ಕೆ ಒಂದು ನೋಟ್‌ಬುಕ್ ಮಾಡಿದೆವು. ಜ್ವರದ ಮಾತ್ರೆ ಕೇಳಿ ಬಂದವರು ಎಷ್ಟು, ಓಆರ್‌ಎಸ್ ಎಷ್ಟು ಹೋಯಿತು, ಅಂಗನವಾಡಿಗೆ ಬರದ ಮಕ್ಕಳು ಎಷ್ಟು, ನಮ್ಮ ಶಾಲೆಯಲ್ಲಿ ಗೈರುಹಾಜರಿ ಎಷ್ಟು. ಹೆಸರು ಬೇಡ, ಲೆಕ್ಕ ಸಾಕು. ವಾರಕ್ಕೆ ಎರಡು ಸಲ ಆಶಾ ಅಕ್ಕ ಅದನ್ನು ನೋಡುತ್ತಾರೆ. ಹಿಂದಿನ ವಾರಕ್ಕಿಂತ ಎರಡು ಪಟ್ಟು ಆದರೆ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್. ಹೆಸರು ಇಲ್ಲದ್ದಕ್ಕೇ ಅಂಗಡಿಯವರು ಒಪ್ಪಿದ್ದು. ಆರ್‌ಎಂಪಿ ಒಬ್ಬರು ಕಡೆತನಕ ಒಪ್ಪಲಿಲ್ಲ. ತಮ್ಮನ್ನು ಹಿಡಿಯಲು ಇದೊಂದು ದಾರಿ ಎಂದು ಅವರ ಹೆದರಿಕೆ. ಅವರನ್ನು ಬಿಟ್ಟರೆ ಅರ್ಧ ಓಣಿಯ ಸುದ್ದಿ ತಪ್ಪುತ್ತದೆ ಎಂಬುದು ನಿಜ. ಅವರ ಹತ್ತಿರ ಹೋಗಿ ಬರುವುದನ್ನು ನಾನು ನಿಲ್ಲಿಸಿಲ್ಲ.

ಯಾರಿಗೆ ಜ್ವರ ಎಂಬ ಹೆಸರು ಗೊತ್ತಾಗಬೇಕಾದದ್ದು ಮೂವರಿಗೆ ಮಾತ್ರ: ವೈದ್ಯರು, ಆಶಾ ಅಕ್ಕ, ಕೋಣೆಯ ಬೀಗ ಇಟ್ಟುಕೊಂಡವರು. ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕುವ ಹಾಗಿಲ್ಲ. ಗಾಡಿ ಓಣಿಯ ಆಚೆ ಮುಖ್ಯ ರಸ್ತೆಯಲ್ಲಿ ನಿಲ್ಲಬೇಕು, ಸೈರನ್ ಇಲ್ಲದೆ. ನಡೆಯಲು ಆಗದವರನ್ನು ಅಲ್ಲಿಯ ತನಕ ನಮ್ಮ ಆಟೋ ಅಣ್ಣ ತರುತ್ತಾರೆ, ಎರಡೂ ಬದಿ ಪರದೆ ಎತ್ತಿ ಕಟ್ಟಿಕೊಂಡು.

ಸಾರುವ ಮಾತನ್ನೂ ಮೊದಲೇ ಬರೆದಿಟ್ಟೆವು. ನಮ್ಮ ವಾರ್ಡಿನಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಮಾತಾಡುತ್ತಾರೆ. ಗುಡಿಯ ಮೈಕು, ಮಸೀದಿಯ ಮೈಕು, ಕಸದ ಗಾಡಿಯ ಮೈಕು ಮೂರರಲ್ಲೂ ಒಂದೇ ಮಾತು ಬರಬೇಕು. ಮೊದಲ ಕರಡು "ಕಡ್ಡಾಯ", "ಕ್ರಮ ಕೈಗೊಳ್ಳಲಾಗುವುದು" ಎಂದು ಶುರುವಾಗಿತ್ತು. ನಾನೇ ಬರೆದದ್ದು, ಸರ್ಕಾರಿ ಕೆಲಸದ ರೂಢಿ. ಅಂಗನವಾಡಿ ಟೀಚರ್ ಅದನ್ನು ಹೊಡೆದು ಹಾಕಿ, "ಜ್ವರ ಬಂದದಾ? ಈ ನಂಬರಿಗೆ ಹೇಳ್ರಿ. ನಿಮ್ಮ ಹೆಸರು ಹೊರಗ ಬರಂಗಿಲ್ಲ. ನಿಮ್ಮ ಕೆಲಸದ ಜಾಗ ಹೋಗಂಗಿಲ್ಲ" ಎಂದು ಬರೆದರು. ಅದನ್ನೇ ಉಳಿಸಿದೆವು.

ಉಸಿರಿನ ಲೆಕ್ಕ

ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಇದ್ದರೆ ಎಲ್ಲ ಗೊತ್ತಾಗುತ್ತದೆ ಎಂದುಕೊಳ್ಳುವುದು ತಪ್ಪು. ಉಗುರಿಗೆ ಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಅಳತೆ ತಪ್ಪುತ್ತದೆ. ಅದಕ್ಕೆ ಆಶಾ ಅಕ್ಕ ಎರಡು ಕೆಲಸ ಮಾಡಿಸುತ್ತಾರೆ. ಕೂತಾಗ ಒಮ್ಮೆ ನೋಡುವುದು, ಆರು ನಿಮಿಷ ನಡೆದ ಮೇಲೆ ಇನ್ನೊಮ್ಮೆ. 94ಕ್ಕಿಂತ ಕೆಳಗೆ ಬಂದರೆ, ಅಥವಾ ನಡೆದ ಮೇಲೆ ಚೆನ್ನಾಗಿ ಇಳಿದರೆ, ತಡ ಮಾಡದೆ ಆಸ್ಪತ್ರೆ. ಮೊದಲೇ ದಮ್ಮು ಇರುವವರನ್ನು ನಡೆಸುವ ಹಾಗಿಲ್ಲ.

ಸಿಲಿಂಡರ್ ತಂದು ಇಟ್ಟುಕೊಳ್ಳೋಣ ಎಂದು ಕೆಲವರು ಹಟ ಮಾಡಿದರು. ಅವರ ಮುಂದೆ ಬೋರ್ಡಿನ ಮೇಲೆ ಲೆಕ್ಕ ಮಾಡಿದೆ. ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್. ನಿಮಿಷಕ್ಕೆ 5 ಲೀಟರ್ ಕೊಟ್ಟರೆ 1,400 ನಿಮಿಷ, ಅಂದರೆ 23 ಗಂಟೆ. 10 ಲೀಟರ್ ಬೇಕಾದರೆ ಹನ್ನೊಂದೂವರೆ ಗಂಟೆ. ಒಬ್ಬ ರೋಗಿಗೆ ದಿನಕ್ಕೆ ಒಂದೋ ಎರಡೋ ಸಿಲಿಂಡರ್. ಓಣಿಯಲ್ಲಿ ಅದನ್ನು ತುಂಬಿಸಿ ತರುವುದು, ಬೆಂಕಿಯಿಂದ ಕಾಯುವುದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. 2021ರಲ್ಲಿ ರಾಜ್ಯಕ್ಕೆ ಆಕ್ಸಿಜನ್ ಕೊಟ್ಟಿದ್ದು ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳು. ಅದು ಜಿಲ್ಲಾಡಳಿತದ ಲೆಕ್ಕ. ನಮ್ಮ ಕೆಲಸ ಬೇಗ ಗುರುತಿಸಿ ಬೇಗ ಕಳಿಸುವುದು, ಅಷ್ಟೇ.

ಬಿಸಿಲಿನ ಬಗ್ಗೆ ಒಂದೇ ಸಾಲು: ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ, ಲಸಿಕೆ, ರೇಷನ್ ಯಾವುದಕ್ಕೂ ಬೆಳಿಗ್ಗೆ ಹತ್ತರ ಮೇಲೆ ಸಾಲು ನಿಲ್ಲಿಸುವ ಹಾಗಿಲ್ಲ.

ಸೊಳ್ಳೆ ತಪ್ಪು ತೋರಿಸಿತು

ನಾಲ್ಕು ಪುಟದ ಯೋಜನೆ ಮುಗಿಯಿತು ಎಂದುಕೊಂಡೆವು. 2022ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲೂಕಿನ ಐದು ವರ್ಷದ ಮಗುವಿಗೆ ಝೀಕಾ ಇರುವುದು ಗೊತ್ತಾಯಿತು. ರಾಜ್ಯದಲ್ಲೇ ಮೊದಲ ಪ್ರಕರಣ ಅದು. ನಮ್ಮ ನಾಲ್ಕು ಪುಟ ತೆಗೆದು ನೋಡಿದೆವು. ಹೆಚ್ಚಿನ ಭಾಗ ಕೆಲಸಕ್ಕೆ ಬರುತ್ತಿರಲಿಲ್ಲ. ಝೀಕಾ ಮುಖ್ಯವಾಗಿ ಸೊಳ್ಳೆಯಿಂದ ಬರುತ್ತದೆ. ಪ್ರತ್ಯೇಕ ಕೋಣೆ, ತೆರೆದ ಕಿಟಕಿ ಅದನ್ನು ತಡೆಯುವುದಿಲ್ಲ. ಹಗಲು ಕಚ್ಚುವ ಆ ಸೊಳ್ಳೆ ಮೊಟ್ಟೆ ಇಡುವುದು ನಿಂತ ಶುದ್ಧ ನೀರಿನಲ್ಲಿ, ಅಂದರೆ ನಾವೇ ತುಂಬಿಡಿ ಎಂದು ಬರೆದಿದ್ದ ಡ್ರಮ್ಮಿನಲ್ಲಿ. ಝೀಕಾ ಹೆಚ್ಚು ಅಪಾಯ ಮಾಡುವುದು ಗರ್ಭದಲ್ಲಿರುವ ಕೂಸಿಗೆ. ನಮ್ಮ ಪಟ್ಟಿಯಲ್ಲಿ ವಯಸ್ಸಾದವರು ಇದ್ದರು, ಶುಗರ್ ಇದ್ದವರು ಇದ್ದರು, ಬಸುರಿಯರು ಇರಲೇ ಇಲ್ಲ. ಎಲ್ಲರೂ ಹಿಂದಿನ ರೋಗವನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೆವು.

ಆಗ ಹೊಸದಾಗಿ ಬರೆದೆವು. ಮೊದಲ ಪುಟದಲ್ಲೇ ಮೂರು ಪ್ರಶ್ನೆ ಹಾಕಿದೆವು: ಇದು ಗಾಳಿಯಿಂದ ಬರುತ್ತದಾ, ನೀರಿನಿಂದ ಬರುತ್ತದಾ, ಸೊಳ್ಳೆಯಿಂದ ಬರುತ್ತದಾ? ಉತ್ತರ ನೋಡಿ ಪುಟ ತಿರುಗಿಸಬೇಕು. ಡ್ರಮ್ಮಿಗೆ ಬಟ್ಟೆ ಕಟ್ಟುವುದು, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುವುದು ಸೇರಿತು. ಬಸುರಿಯರ ಲೆಕ್ಕ ಅಂಗನವಾಡಿಯಲ್ಲಿ ಮೊದಲೇ ಇತ್ತು, ನಾವು ಕೇಳಿರಲಿಲ್ಲ. ಕೂಲಿ, ಹೆಸರು, ಸಾರುವ ಮಾತು ಈ ಭಾಗ ಮಾತ್ರ ಮೂರೂ ಬಗೆಯ ರೋಗಕ್ಕೆ ಹಾಗೇ ಉಳಿಯಿತು.

ತಾಲೀಮು

ಒಂದು ಭಾನುವಾರ ನಿಜವಾಗಿ ಮಾಡಿ ನೋಡಿದೆವು. ನನ್ನ ವಿದ್ಯಾರ್ಥಿಯೊಬ್ಬ ಜ್ವರ ಬಂದವನಂತೆ ನಂಬರಿಗೆ ಫೋನ್ ಮಾಡಿದ. ಫೋನ್ ಸ್ವಿಚ್ ಆಫ್. ಎರಡನೇ ನಂಬರ್ ಎತ್ತಿದರು. ಕೋಣೆಯ ಬೀಗ ಇದ್ದವರು ಮದುವೆಗೆ ಸಿಂಧನೂರಿಗೆ ಹೋಗಿದ್ದರು. ಆಟೋ ಅಣ್ಣ ಬಂದರು, ಆದರೆ ಅವರ ಹೆಂಡತಿ ಆಟೋ ಹಿಂದೆಯೇ ಓಡಿ ಬಂದು, "ನಾಳೆ ಇವ್ರಿಗೇ ಬಂದ್ರ ನಮ್ಮನ್ನ ಯಾರ ನೋಡ್ತಾರ?" ಎಂದು ಕೇಳಿದರು. ಅವರು ಕೇಳಿದ್ದು ಸರಿ ಇತ್ತು. ರೋಗಿಯನ್ನು ತರುವವರ ಮನೆಗೆ ಏನು ಎಂದು ನಾವು ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಆಶಾ ಅಕ್ಕನ ಮನೆಗೂ ಬರೆದಿರಲಿಲ್ಲ. 2020ರಲ್ಲಿ ಅವರು ದಿನಾ ಸರ್ವೆ ಮುಗಿಸಿ ಮನೆಗೆ ಹೋಗಿ, ಮಗಳನ್ನು ಮುಟ್ಟದೆ ಅಂಗಳದಲ್ಲೇ ಮಲಗುತ್ತಿದ್ದರಂತೆ. ಜೊತೆಗೇ ಓಡಾಡುತ್ತಿದ್ದ ನನಗೆ ಅದು ಗೊತ್ತಾದದ್ದು ಆ ತಾಲೀಮಿನ ದಿನ.

ಬೀಗಕ್ಕೆ ಮೂರು ಕೀಲಿ ಮಾಡಿಸಿದೆವು. ಫೋನಿಗೆ ಮೂರು ನಂಬರ್. ಆಟೋ ಅಣ್ಣನಿಗೆ, ಆಶಾ ಅಕ್ಕನಿಗೆ ಹತ್ತಿರದ ಕೋಣೆಯಲ್ಲಿ ಮೊದಲ ಹಕ್ಕು, ಮನೆಗೆ ಮೊದಲ ರೇಷನ್ ಕಿಟ್. ಯೋಜನೆಯ ಒಂದು ಪ್ರತಿಯನ್ನು ಸಂಬಂಧಪಟ್ಟ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆವು. ಓಣಿ ಮುಚ್ಚುವುದು ಬಿಡುವುದು ನಮ್ಮ ಕೈಯಲ್ಲಿ ಇಲ್ಲ. ಆ ಅಧಿಕಾರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ಜಿಲ್ಲಾಡಳಿತಕ್ಕೆ ಇದೆ. ಸೀಲ್‌ಡೌನ್ ಮಾಡುವ ಮೊದಲು ವಾರ್ಡಿನವರೊಡನೆ ಒಂದು ಸಲ ಮಾತಾಡಿ ಎಂದು ಪತ್ರದಲ್ಲಿ ಕೇಳಿದ್ದೇವೆ.

ಕೊನೆಯ ಪುಟ

ಅಷ್ಟೂ ಸಭೆಗಳಲ್ಲಿ ಹಮಾಲಿ ಅಣ್ಣ ಕೂಲಿಯ ವಿಷಯ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಕೊನೆಯ ಸಭೆಯಲ್ಲಿ ಕೇಳಿದರು: "ಸರ, ಅವ್ವನ ಮಖಾ ನೋಡಾಕ ಬರತಿದ್ದಿಲ್ಲೇನು?"

ನಾನು ಆಮೇಲೆ ಹುಡುಕಿ ಓದಿದ್ದೆ. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್‌ನಲ್ಲೇ ಶವದ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಸಿಬ್ಬಂದಿ ಎಚ್ಚರಿಕೆ ವಹಿಸಿ ಚೀಲದ ಮುಖದ ಕಡೆ ಜಿಪ್ ತೆಗೆದು, ಮನೆಯವರಿಗೆ ಕೊನೆಯ ಸಲ ಮುಖ ತೋರಿಸಬಹುದು. ಮೈ ಮುಟ್ಟದೆ ಮಂತ್ರ, ದುವಾ ಓದಬಹುದು, ತೀರ್ಥ ಚಿಮುಕಿಸಬಹುದು. ಆವತ್ತು ಅಲ್ಲಿ ಇದ್ದವರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲವೋ, ಹೆದರಿದ್ದರೋ. ಮನೆಯವರಿಗಂತೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

"ಬರತಿತ್ತು ಅಣ್ಣಾ" ಅಂದೆ. ಅವರು ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು.

ಆ ಭಾಗವನ್ನು ಕನ್ನಡಕ್ಕೆ ಮಾಡಿ, ದೊಡ್ಡ ಅಕ್ಷರದಲ್ಲಿ ಒಂದೇ ಪುಟಕ್ಕೆ ಬರೆದು, ಲ್ಯಾಮಿನೇಷನ್ ಮಾಡಿಸಿದ್ದೇವೆ. ಇನ್ನೊಂದು ರೋಗಕ್ಕೆ ನಿಯಮ ಬೇರೆ ಇರಬಹುದು, ಅದಕ್ಕೆ ಕೆಳಗೆ "ವೈದ್ಯರನ್ನು ಮೊದಲು ಕೇಳಿ" ಎಂದು ಹಾಕಿದೆವು. ಒಂದು ಪ್ರತಿ ರುದ್ರಭೂಮಿ ಕಾಯುವವರ ಹತ್ತಿರ ಇದೆ, ಒಂದು ಆಟೋ ಅಣ್ಣನ ಸೀಟಿನ ಕೆಳಗೆ, ಒಂದು ಆಶಾ ಅಕ್ಕನ ಚೀಲದಲ್ಲಿ. ಇನ್ನೊಂದನ್ನು ಹಮಾಲಿ ಅಣ್ಣ ಕೇಳಿ ತೆಗೆದುಕೊಂಡು ಹೋದರು. ಖಬರಸ್ತಾನಕ್ಕೆ ಉರ್ದು ಪ್ರತಿ ಇನ್ನೂ ಆಗಿಲ್ಲ. ಬರೆದು ಕೊಡುತ್ತೇನೆ, ಶುಕ್ರವಾರದ ನಮಾಜ್ ಆದ ಮೇಲೆ ಬಾ ಎಂದು ಚಾಚಾ ಹೇಳಿದ್ದಾರೆ.